ಅಕ್ಕನ ಟೈಪಿಂಗ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ಯಾವ ತಂತ್ರಾಂಶವನ್ನು ಬದಲಾಯಿಸಿದರೂ, ಹಿರಿಯ ಸಂಶೋಧಕಿಯೊಬ್ಬರು ಹಿಂದೆ ಟೈಪ್ ಮಾಡಿದ್ದರ ರೆಕಾರ್ಡಿಂಗ್, ಅಂದರೆ ಒತ್ತಿದ ಒಂದೊಂದು ಅಕ್ಷರದ ದಾಖಲೆ, ಓಡಿಸಿ ಅದನ್ನು ಪರೀಕ್ಷಿಸುವುದು ವಾಡಿಕೆ. ಎಲ್ಲರಿಗೂ ಅಕ್ಕನಾಗಿದ್ದ ಅವರು ತೀರಿಕೊಂಡ ಮೇಲೂ ಅದೇ ಓಡುತ್ತಿತ್ತು.

ಮೊನ್ನೆ ಮಧ್ಯಾಹ್ನ ನಾನು ತಂತ್ರಾಂಶಕ್ಕೆ ಹೊಸ ಪ್ರಶ್ನೆಯೊಂದನ್ನು ಸೇರಿಸಿದ್ದೆ: 'ಮುಂದುವರಿಸಲೇ?' ಹಳೆಯ ರೆಕಾರ್ಡಿಂಗಿನಲ್ಲಿ ಅದಕ್ಕೆ ಉತ್ತರ ಎಲ್ಲಿಂದ ಬರಬೇಕು? ಪರೀಕ್ಷೆ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ 'ಹೌದು' ಎಂದು ಮೂಡಿತು, ಅಳಿಸಿಹೋಯಿತು, ಮತ್ತೆ 'ಹೌದು' ಎಂದು ಮೂಡಿತು. ಮೊದಲ ಸಲ ಬರೆದದ್ದನ್ನು ಅಕ್ಕ ಎಂದೂ ನಂಬುತ್ತಿರಲಿಲ್ಲ, ಅಳಿಸಿ ಮತ್ತೆ ಬರೆಯುತ್ತಿದ್ದರು.

"ಯಾರೋ ತಮಾಷೆ ಮಾಡ್ತಿದಾರೆ, ಬಿಟ್ಹಾಕಮ್ಮ," ಎಂದರು ಯಂತ್ರಗಳನ್ನು ನೋಡಿಕೊಳ್ಳುವ ಅಣ್ಣ.

"ಬಿಡೋ ಮಾತೇ ಇಲ್ಲ. ಕೀಬೋರ್ಡ್ ಕಿತ್ತುಬಿಡಿ ಅಣ್ಣ, ನೆಟ್‌ವರ್ಕ್ ಕೇಬಲ್ಲೂ ತೆಗೀರಿ."

ತೆಗೆದರು. ಮತ್ತೆ ಓಡಿಸಿದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ಕೀಬೋರ್ಡಿನಿಂದ ಟಕಟಕ ಸದ್ದು ಬಂತು. ಮುಟ್ಟಿದೆ, ಆ ತಣ್ಣನೆಯ ಕೋಣೆಯಲ್ಲಿ ಅದರ ಗುಂಡಿಗಳು ಮಾತ್ರ ಬೆಚ್ಚಗಿದ್ದವು. ಅಣ್ಣ ಹಿಂದೆ ಮುಂದೆ ನೋಡದೆ ಹೊರಟೇಬಿಟ್ಟರು.

ನಾನು ಕದಲಲಿಲ್ಲ. ಹಲ್ಲು ಕಚ್ಚಿ ಪ್ರಶ್ನೆಯನ್ನೇ ಬದಲಾಯಿಸಿದೆ: 'ನಿಲ್ಲಿಸಲೇ?'

'ಬೇಡ' ಎಂದು ಮೂಡಿತು. ಅಳಿಸಿಹೋಯಿತು. ಮತ್ತೆ 'ಬೇಡ.'

ಆಮೇಲೆ ಆ ರೆಕಾರ್ಡಿಂಗನ್ನು ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಅಕ್ಕ 'ಬೇಡ' ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.