ಒಳಗೂ ತೊಳೆದ ಹಂಡೆ

ಭಟ್ಟಿ ಹಂಡೆಯ ತಾಮ್ರದ ಮುಚ್ಚಳ ತೊಲೆಗೆ ಬಡಿದು, ಸೊಟ್ಟಗಾಗಿ, ಸೌದೆಯ ಮೇಲೆ ಬಿದ್ದಿತ್ತು. ರಾಕಿಯಾ ಸಾರಾಯಿಗೆಂದು ಹುಳಿ ಬರಿಸಿದ ಪ್ಲಮ್ ಹಣ್ಣು ಗೋಡೆಗೆಲ್ಲ ಸಿಡಿದಿತ್ತು. ಭಟ್ಟಿ ಇಳಿಸುತ್ತಿದ್ದ ವೆಲಿಮಿರ್‌ನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಮುಖ ಬೆಂದಿತ್ತು. ಕಣ್ಣಿನ ವಿಷಯ ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು.

ಇನ್‌ಸ್ಪೆಕ್ಟರ್ ಸ್ಲವ್ಕಾ ಶೆಡ್ಡಿನೊಳಗೆ ಕಾಲಿಟ್ಟಳು.

"ಹೆಂಗಸ್ರು ಭಟ್ಟಿ ಹತ್ರ ಬಂದ್ರೆ ರಾಕಿಯಾ ಕೆಡುತ್ತೆ ಕಣಮ್ಮ," ಎಂದ ನೆರೆಮನೆಯ ಬೋರಾ.

"ಇನ್ನು ಕೆಡೋಕೆ ಏನು ಉಳಿದಿದೆ ಮಾವ?"

ಅವಳು ಮುಚ್ಚಳದ ಕೊರಳಿಗೆ ಕೈ ಹಾಕಿ ಎಳೆದಳು. ಬಟ್ಟೆ ಸುತ್ತಿದ ಜೋಳದ ಬೆಂಡು ಹೊರಬಂತು. ಆವಿ ಹೋಗುವ ದಾರಿಗೇ ಬಿರಡೆ! ಹನಿ ಯಾಕೆ ಬೀಳುತ್ತಿಲ್ಲವೆಂದು ವೆಲಿಮಿರ್ ಬಗ್ಗಿ ಕಿವಿ ಕೊಟ್ಟಿದ್ದಾನೆ. ಆವಿ ಸೋರದಂತೆ ಮುಚ್ಚಳದ ಅಂಚಿಗೆ ಮೆತ್ತಿದ್ದ ಹಿಟ್ಟು ಅದೇ ಕ್ಷಣ ಕಿತ್ತುಕೊಂಡಿದೆ.

"ನಿನ್ನೆ ಬೆಳಿಗ್ಗೆ ಮಿಲೋಯೆ ಇಲ್ಲಿಂದ ಹೊರಗೆ ಬರ್ತಿದ್ದ. ಕಳ್ಳನ ಹಾಗೆ," ಎಂದ ಬೋರಾ, ಕೇಳುವ ಮೊದಲೇ.

ಮಿಲೋಯೆ ವೆಲಿಮಿರ್‌ನ ತಮ್ಮ. ಹಂಡೆ ಅವರ ಅಪ್ಪನದು, ಇಬ್ಬರಿಗೂ ಸೇರಿದ್ದು. ಅಪ್ಪ ಸತ್ತ ನಲವತ್ತನೇ ದಿನದ ಊಟಕ್ಕೆ ರಾಕಿಯಾ ಇಳಿಸಿದವನು ಅಣ್ಣ. ಪಾದ್ರಿಯ ಎದುರಿಗೇ ತಮ್ಮ ಲೋಟ ಕೆಳಗಿಟ್ಟು, "ಕಿಲುಬು ವಾಸನೆ. ಹಂಡೆ ತೊಳೆದಿಲ್ಲ," ಎಂದುಬಿಟ್ಟಿದ್ದ. ಆ ಊರಲ್ಲಿ ಒಬ್ಬನ ಹೆಂಡತಿಯನ್ನು ಬೈದರೂ ಕ್ಷಮೆಯುಂಟು; ಹಂಡೆಯನ್ನು ಬೈದರೆ ಇಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

* * *

ಆಸ್ಪತ್ರೆಯ ಬೆಂಚಿನ ಮೇಲೆ ವೆಲಿಮಿರ್‌ನ ಹೆಂಡತಿ ಸ್ತಾನಾ ಕೂತಿದ್ದಳು.

"ಹಂಡೆ ಯಾರು ತೊಳೆದ್ರು?" ಎಂದಳು ಸ್ಲವ್ಕಾ.

"ಅವರೇ. ಮೊನ್ನೆವರೆಗೂ ಕರ್ರಗಿತ್ತು, ಇವತ್ತು ಫಳಫಳ ಅಂತಿತ್ತು."

"ನೀವು ತೊಳೆದ್ರಿ ಅಂತ ಅವರು ಆಂಬುಲೆನ್ಸಲ್ಲಿ ಹೇಳಿದ್ರಂತೆ."

ಸ್ತಾನಾ ತಲೆಯೆತ್ತಿದಳು. "ನಾನಾ? ನನಗೆ ಹಂಡೆ ಮುಟ್ಟೋಕೇ ಬಿಡಲ್ಲ!"

* * *

ಠಾಣೆಯಲ್ಲಿ ಮಿಲೋಯೆ ಕುರ್ಚಿಯ ತುದಿಯಲ್ಲಿ ಕೂತ. ಟೋಪಿ ಮಂಡಿಯ ಮೇಲೆ.

"ನಾನೇ ಮಾಡಿದ್ದು."

"ಇನ್ನೂ ಕೇಳೇ ಇಲ್ಲವಲ್ಲ."

"ಬೆಂಡು ತುರುಕಿದ್ದು ನಾನು. ಅವನು ಸಾಯ್ಲಿ ಅಂತ. ಬರ್ಕೊಳ್ಳಿ."

"ಕೈ ತೋರ್ಸಿ."

ಅವನು ಕೈಯನ್ನು ಟೋಪಿಯೊಳಗೆ ತೂರಿಸಿದ. ಸ್ಲವ್ಕಾ ಟೋಪಿ ಎತ್ತಿದಳು. ಉಗುರಿನ ಸಂದಿಯಲ್ಲಿ ಬೂದಿ, ಹಸಿರು ಕಿಲುಬು. ವಿನೆಗರಿಗೆ ಬೆರಳೆಲ್ಲ ಬಿರಿದಿತ್ತು.

"ಕೊಲೆ ಮಾಡೋಕೆ ಹೋದೋನು ಹಂಡೆ ಉಜ್ಜಲ್ಲ," ಎಂದಳು. "ಉಜ್ಜಿದರೂ ಕಾಣೋ ಕಡೆ ಉಜ್ತಾನೆ. ಮುಚ್ಚಳದ ಒಳಗಡೆ ಕನ್ನಡಿ ಹಾಗಿತ್ತು. ಕೊಳವೆಗೆ ನೀರು ಬಿಟ್ಟು ನೋಡಿದೆ, ತಿಳಿಯಾಗೇ ಬಂತು. ತೊಳೆದ ಮೇಲೆ ಕಣಜದ ಹುಳ ಗೂಡು ಕಟ್ಟಬಾರ್ದು ಅಂತ ಕೊರಳಿಗೆ ಬೆಂಡು. ಇಡೀ ಊರು ಮಾಡೋದೇ ಅದು. ನಮ್ಮಪ್ಪನೂ ಮಾಡ್ತಿದ್ದ."

ಮಿಲೋಯೆ ನೆಲ ನೋಡಿದ.

"ಬೆಂಡು ಇಟ್ಟೋನು ಮುಂದೆ ಭಟ್ಟಿ ಹಚ್ಚೋನಿಗೆ ಬಾಯಿಬಿಟ್ಟು ಹೇಳ್ಬೇಕು. ಅಷ್ಟೇ ನಿಯಮ. ನಿಮ್ಮಿಬ್ಬರಿಗೆ ಮಾತಿಲ್ಲ. ಅವನು ಹೆಂಡತಿ ತನಗೆ ಹೇಳದೆ ತೊಳೆದ್ಲು ಅಂದ್ಕೊಂಡ, ಹೆಂಡತಿ ಗಂಡ ತೊಳೆದ ಅಂದ್ಕೊಂಡ್ಲು. ಒಳಗೆ ಯಾರೂ ನೋಡಲಿಲ್ಲ. ಯಾಕಪ್ಪಾ ಕೊಲೆಗಾರ ಅಂತ ಒಪ್ಕೋತೀಯ?"



"ಜೈಲಿಗೆ ಹೋದ್ರೆ ಊರವರು ನಾಲ್ಕು ದಿನ ಆಡ್ಕೋತಾರೆ," ಎಂದ ಮಿಲೋಯೆ. "ಕದ್ದು ಹೋಗಿ ಅಣ್ಣನ ಹಂಡೆ ತೊಳೆದ ಅಂದ್ರೆ, ತಪ್ಪಿಗೆ ಪ್ರಾಯಶ್ಚಿತ್ತ ಅಂತಾರೆ. ಮೊದಲು ಹೇಳಿದ್ದು ಸುಳ್ಳು ಅಂತಾಗಲ್ವಾ?"

"ಸುಳ್ಳಾ?"

"ಕಿಲುಬಿನ ವಾಸನೆ ಇರ್ಲೇ ಇಲ್ಲ. ಎಲ್ಲರೂ ಅವನ ರಾಕಿಯಾ ಹೊಗಳ್ತಿದ್ರು. ನನ್ನ ಹೊಟ್ಟೆ ಉರೀತು."

* * *

ವೆಲಿಮಿರ್‌ನ ಮುಖಕ್ಕೆಲ್ಲ ಬಟ್ಟೆ ಸುತ್ತಿತ್ತು. ಬಲಗಣ್ಣು ಉಳಿಯುತ್ತದೆ ಎಂದಿದ್ದರು. ಎಡಗಣ್ಣಿನ ಬಗ್ಗೆ ಡಾಕ್ಟರು ಈಗ ಬಾಯಿ ಬಿಡುತ್ತಿರಲಿಲ್ಲ. ಸ್ಲವ್ಕಾ ಇದ್ದದ್ದನ್ನೆಲ್ಲ ಹೇಳಿ ಮುಗಿಸಿದಳು. ಮಿಲೋಯೆ ಬಾಗಿಲಲ್ಲೇ ನಿಂತಿದ್ದ.

"ಕೊಳವೆನೂ ತೊಳೆದ್ಯೇನೋ?" ಎಂದಿತು ಬಟ್ಟೆಯೊಳಗಿನ ದನಿ.

"ಹೂಂ."

"ಬೂದೀಲಿ?"

"ಬೂದಿ, ವಿನೆಗರು. ಅಪ್ಪನ ಥರ." ಮಿಲೋಯೆ ಒಂದು ಹೆಜ್ಜೆ ಒಳಗಿಟ್ಟ. "ಅವತ್ತು ವಾಸನೆ ಇರ್ಲಿಲ್ಲ ಅಣ್ಣಾ."

"ಗೊತ್ತು ಕಣೋ. ಅವತ್ತು ಹಂಡೆ ತೊಳೆದೋನು ನಾನಲ್ವಾ."

ಅಷ್ಟು ಹೇಳಿ ವೆಲಿಮಿರ್ ಗೋಡೆಯ ಕಡೆ ಹೊರಳಿದ. ಕ್ಷಮಿಸಿದನೋ ಇಲ್ಲವೋ, ಆ ಬಟ್ಟೆಯ ಮೇಲೆ ಓದಲಾಗುತ್ತಿರಲಿಲ್ಲ.

ಮೊಗಸಾಲೆಯಲ್ಲಿ ಮಿಲೋಯೆ ಕೇಳಿದ:

"ನನ್ನ ಮೇಲೆ ಏನಂತ ಬರೀತೀರಾ?"

"ಅಜಾಗರೂಕತೆ. ಕೋರ್ಟು ಬಹುಶಃ ಮನೆಗೇ ಕಳಿಸುತ್ತೆ."

ಅವನು ಟೋಪಿಯನ್ನು ಹಿಂಡಿದ. ಅಣ್ಣನ ಕೋಣೆಯ ಬಾಗಿಲತ್ತ ಒಮ್ಮೆ ನೋಡಿದ.

"ಅದಕ್ಕಿಂತ ದೊಡ್ಡ ಕೇಸು ಯಾವ್ದೂ ಇಲ್ವಾ ಮೇಡಂ?"