ಡಬ್ಬಿಯಲ್ಲಿ ಬಂದ ಸಕ್ಕರೆ

ಎಎಸ್‌ಐ ಭಾಗ್ಯಲಕ್ಷ್ಮಿ ಇಂಗ್ಲಿಷ್ ವರದಿಯ ಎರಡು ವಾಕ್ಯಗಳ ನಡುವೆ ಸಿಕ್ಕಿಕೊಂಡಿದ್ದಳು. ಕಾಮಾ ಹಾಕಿ ಹೊಡೆದುಹಾಕಿದಳು. 'ಆ್ಯಂಡ್' ಬರೆದು ಅದನ್ನೂ ಹೊಡೆದಳು. ಇಂಗ್ಲಿಷಿಗೆ ಹೆದರಿಯೇ ಬಡ್ತಿ ಪರೀಕ್ಷೆಯನ್ನು ಬಿಡುತ್ತ ಬಂದವಳು ಅವಳು.

ಬೆಳಿಗ್ಗೆ ಹತ್ತೂಕಾಲಿಗೆ ಸರಸ್ವತಿ ನಗರದ ಟ್ಯೂಷನ್ ಟೀಚರ್ ಸ್ನೇಹಾ ದೂರು ಹಿಡಿದು ಬಂದಳು.

"ಮೇಡಂ, ಇಂಗ್ಲಿಷ್ ವಾಕ್ಯ ಜೋಡಿಸೋ ಕಾರ್ಡು ಕಳುವಾಗ್ಯಾವೆ. ಆ್ಯಂಡ್, ಬಟ್, ಬಿಕಾಸ್, ಕಾಮಾ, ಎಲ್ಲಾ ನಾನೇ ಬರೆದಿದ್ದು. ನಾಳೆ ಹರಿಹರದ ಸ್ಕೂಲ್ನಾಗೆ ಅವನ್ನಿಟ್ಕಂಡೇ ಪಾಠ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಅಲ್ಲಿ ಸಿಗೋ ಕೆಲಸ ಹೋತು."

"ಯಾರ ಮ್ಯಾಲೆ ಅನುಮಾನ?"

"ಹುಡುಗ್ರ ಮ್ಯಾಲೆ. ನಿನ್ನೆ ಡಬ್ಬಿ ಸಮೇತ ಹೋಗಿದ್ವು. ಇವತ್ತು ಡಬ್ಬಿ ಮಾತ್ರ ಬಾಗಿಲಲ್ಲಿಟ್ಟಾರೆ. ಒಳಗೆ ಸಕ್ಕರೆ! ಗೇಲಿ ನೋಡ್ರಿ."

"ಎಫ್‌ಐಆರ್ ಆಮ್ಯಾಲೆ. ಮೊದ್ಲು ಜಾಗ ನೋಡಾಣ, ನಡೀರಿ."

ಸ್ನೇಹಾ ಟ್ಯೂಷನ್ ನಡೆಸುವ ಬಾಡಿಗೆ ರೂಮಿನಲ್ಲಿ ಕಾನ್‌ಸ್ಟೆಬಲ್ ರಾಜಕುಮಾರ್ ಪಂಚನಾಮೆ ಶುರು ಮಾಡಿದ. ಬೀಗ ಒಡೆದಿರಲಿಲ್ಲ. ಭಾಗ್ಯಲಕ್ಷ್ಮಿ ಡಬ್ಬಿಯನ್ನೇ ನೋಡುತ್ತಿದ್ದಳು. ಹುಡುಗರು ಡಬ್ಬಿ ವಾಪಸ್ ತರುವುದೇ ಇಲ್ಲ, ತಂದರೂ ಖಾಲಿ. ಅವಳ ಅವ್ವ ಮಾತ್ರ ಪಕ್ಕದ ಮನೆಯ ಪಾತ್ರೆಯನ್ನು ಎಂದೂ ಬರಿದಾಗಿ ಕೊಟ್ಟವಳಲ್ಲ. ಸಕ್ಕರೆಯಲ್ಲಿ ಇರುವೆ ಬಾರದಿರಲೆಂದು ಹಾಕಿದ ಲವಂಗವೂ ಇತ್ತು.

ಮನೆಯೊಡತಿ ಸರ್ವಮಂಗಳಮ್ಮ ಚಹಾ ತಂದರು. "ಸಕ್ಕರೆ ಬೇಕಾದ್ರೆ ಹಾಕ್ಕಳ್ರಿ." ಆ ಬಟ್ಟಲಲ್ಲೂ ಲವಂಗ.

"ಈ ರೂಮಿನ ಇನ್ನೊಂದು ಕೀಲಿ ನಿಮ್ಮತ್ರ ಐತೇನಮ್ಮಾ?"

"ಐತೆ."

"ಡಬ್ಬಿ ಯಾಕ ವಾಪಸ್ ಇಟ್ರಿ?"

ಸರ್ವಮಂಗಳಮ್ಮ ತಲೆ ತಗ್ಗಿಸಿದರು. "ಇನ್ನೊಬ್ರ ಡಬ್ಬಿ ಮನೇಲಿ ಇಟ್ಕಳಾಕಾಗುತ್ತಾ, ತಾಯಿ?"

ರಾಜಕುಮಾರನಿಗೆ ನಗು ತಡೆಯಲಾಗಲಿಲ್ಲ. "ಕಳ್ರೆಲ್ಲ ಹಿಂಗಿದ್ರೆ ನಮ್ಗೆ ಕೆಲ್ಸಾನೇ ಇರಲ್ಲ ಬಿಡ್ರಿ!"

ಕಾರ್ಡುಗಳು ಸರ್ವಮಂಗಳಮ್ಮನವರ ದೇವರ ಕೋಣೆಯ ನೆಲದ ಮೇಲೆ ಸಾಲಾಗಿದ್ದವು: 'ಐ ವಾಂಟ್ ಟು ಲರ್ನ್', ಕಾಮಾ, 'ಬಟ್'. ಮುಂದೆ ಬರಿ ನೆಲ.

"ದಿನಾ ಮೆಟ್ಲ ಮ್ಯಾಲೆ ಅಕ್ಕಿ ಆರಿಸ್ತಾ ನಿನ್ನ ಪಾಠ ಕೇಳ್ತೀನಿ. ಈ ವಯಸ್ನಾಗೆ ಹುಡುಗ್ರ ಜೊತೆ ಹೆಂಗೆ ಕೂಡ್ಲಿ? ಮನೆಯವ್ರು ನಗ್ತಾರೆ. ನಾಳಿನ ಪಾಠದ ಸುದ್ದಿ ನಂಗೊತ್ತಿರ್ಲಿಲ್ಲ ಕಣವ್ವಾ."

ಸ್ನೇಹಾ ದೂರು ಹರಿದಳು. "ಸೋಮವಾರದಿಂದ ಮುಂದಿನ ಸಾಲಿನಾಗೇ ಕೂಡ್ಬೇಕು. ಇದೇ ನಿಮ್ಗೆ ಶಿಕ್ಷೆ."

ಕಾರ್ಡುಗಳು ಡಬ್ಬಿ ಸೇರಿದವು. ಸರ್ವಮಂಗಳಮ್ಮನವರ ಮೇಲಿನ ಕೇಸು ಅಲ್ಲಿಗೇ ಮುಗಿಯಿತು.

ಠಾಣೆಯಲ್ಲಿ ರಾಜಕುಮಾರ್ ಕೈಚಾಚಿದ. "ವರದಿ ಕೊಡ್ರಿ ಮೇಡಂ, ಯಾವಾಗ್ಲೂ ಕೊನೆಗೆ ನಾನೇ ತಾನೆ ಬರೆದು ಮುಗಿಸೋದು."

"ಬ್ಯಾಡ."

ಭಾಗ್ಯಲಕ್ಷ್ಮಿ ಬೆಳಗಿನ ಆ ಎರಡು ವಾಕ್ಯಗಳನ್ನು ದಿಟ್ಟಿಸಿ ನಡುವೆ 'ಬಿಕಾಸ್' ಬರೆದಳು. ಹೊಡೆದುಹಾಕಲಿಲ್ಲ. ಸರಸ್ವತಿ ನಗರದಿಂದ ಹೊರಡುವಾಗ ತಾನು ಸ್ನೇಹಾಳ ಬಳಿ ಸಂಜೆಯ ತರಗತಿಯ ಹೊತ್ತು ಕೇಳಿಕೊಂಡಿದ್ದು ರಾಜಕುಮಾರನಿಗೆ ತಿಳಿದಿರಲಿಲ್ಲ. ಸೋಮವಾರ ಸರ್ವಮಂಗಳಮ್ಮನವರ ಪಕ್ಕದಲ್ಲಿ ಜಾಗವಿರುತ್ತದೆ. ಈ ಸಲ ಪರೀಕ್ಷೆಗೂ ಕೂರುವುದೇ ಸೈ. ಪೆನ್ನಿಗೆ ಮುಚ್ಚಳ ಹಾಕಿ, ಏನೂ ಆಗಿಯೇ ಇಲ್ಲವೆಂಬಂತೆ ಆರಿದ ಚಹಾ ಕುಡಿದಳು.