ಅರಿಹಂತನ ಮೂರು ಜೀವ

“ಕಾಕಾ, ನನ್ನ ಮೂರು ಜೀವಾ ಕಳುವಾಗ್ಯಾವ್ರಿ!”

ನಿವೃತ್ತ ಹವಾಲ್ದಾರ ರಾಚಪ್ಪನ ಕೈಯಲ್ಲಿದ್ದ ಚಹಾ ಬಾಯಿಗೆ ಮುಟ್ಟಲಿಲ್ಲ. ಬಂಗಾರ, ಎಮ್ಮೆ, ಪಂಪ್‌ಸೆಟ್ಟು ಕದ್ದವರನ್ನೆಲ್ಲ ಹಿಡಿದವನು ಅವನು. ಆದರೆ ಜೀವ ಕಳುವಾಯಿತೆಂಬ ದೂರು? ಅದೂ ಕಳೆದುಕೊಂಡವನೇ ಎದುರಿಗೆ ನಿಂತು ಏದುಸಿರು ಬಿಡುತ್ತಿದ್ದಾನೆ!

ಅರಿಹಂತ ಅವನನ್ನು ಮೂಡಲಗಿ ಬಸ್‌ಸ್ಟ್ಯಾಂಡಿನ ಪಕ್ಕದ ಯಲ್ಲಾರಿಯ ವಿಡಿಯೋ ಗೇಮ್ ಅಂಗಡಿಗೆ ಎಳೆದೊಯ್ದ. ಟಿವಿಯಲ್ಲಿ ಇಬ್ಬರು ಸಿಪಾಯಿಗಳು. ಕೆಂಪಂಗಿಯವನನ್ನು ಆಡಿಸುವವನು ಅರಿಹಂತ, ನೀಲಿಯವನನ್ನು ಅವನ ಗೆಳೆಯ ಗುರುರಾಜ. ಬಾಲವಾಡಿಯಿಂದ ಕಾಲೇಜಿನ ತನಕ ಜೊತೆಗೇ ತಿರುಗಿದ ಇಬ್ಬರೂ ಈಗ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ನಾಳೆಯೇ ಗೋಕಾಕದಲ್ಲಿ ಜೋಡಿ ಆಟದ ಪಂದ್ಯ!

“ಹೊತ್ತು ಮುಳುಗೂದ್ರಾಗ ಉಣ್ಣಾಕ ಮನಿಗೆ ಹೋಗಿದ್ನಿರಿ,” ಎಂದ ಅರಿಹಂತ. “ನನ್ನ ಸಿಪಾಯಿನ್ನ ಗ್ವಾಡಿ ಹಿಂದ ನಿಲ್ಸಿದ್ದೆ. ಅಲ್ಲಿ ಗುಂಡು ತಾಗಾಂಗಿಲ್ಲ. ಆಡೂ ಮುಂದ ಜೀವಾ ಎಣಸಾಕ ಪುರಸೊತ್ತಿರಾಂಗಿಲ್ಲ, ಇವತ್ತ ಏಳೂ ಮುಂದ ಎಣಿಸಿದೆ. ಬಾಕಿ ಮೂರಿದ್ದೂ. ಬಂದು ನೋಡಿದ್ರ ಒಂದೂ ಇಲ್ಲ!”

“ಯಲ್ಲಾರಿ, ಆಟ ಜಲ್ದಿ ಮುಗದ್ರ ನಿನಗ ಲಾಭ, ಹೌದಲ್ಲೋ?” ರಾಚಪ್ಪ ಅಂಗಡಿಯವನತ್ತ ತಿರುಗಿದ.

“ನಾ ತಾಸಿನ ಲೆಕ್ಕದಾಗ ರೊಕ್ಕ ತಗೋತೀನ್ರಿ! ಇವನ ರಿಮೋಟು ಯಾರೂ ಮುಟ್ಟಿಲ್ಲ.”

“ಗುರುರಾಜ, ನೀ?”

“ನಾ ನನ್ನ ರಿಮೋಟು ಬಿಟ್ಟು ಬ್ಯಾರೇದು ಮುಟ್ಟಿಲ್ರಿ. ಬಸವಣ್ಣನ ಆಣಿ! ಇವ ಬರೂತನಾ ವೈರಿಗಳ್ನ ನಾ ಒಬ್ಬನಽ ತಡದೀನಿ. ಸತ್ತೆ, ಎದ್ದೆ, ಮತ್ತ ತಡದೆ.”

ಹಾಗಾದರೆ ಕದ್ದವರು ಯಾರು? ರಿಮೋಟು ಮುಟ್ಟದೆ ಜೀವ ಹೋಗುವುದಾದರೂ ಹೇಗೆ?

“ಹೊಸಾ ಆಟ ಹಚ್ಚು,” ಎಂದು ಗುರುರಾಜನ ರಿಮೋಟನ್ನು ರಾಚಪ್ಪ ತಾನೇ ಹಿಡಿದು ಕುಳಿತ. ನೀಲಿ ಸಿಪಾಯಿ ಜಿಗಿಯಬೇಕಾದಲ್ಲಿ ಮಲಗಿದ, ಮಲಗಬೇಕಾದಲ್ಲಿ ಜಿಗಿದ. ನೋಡನೋಡುತ್ತಲೇ ಅವನ ಜೀವಗಳೆಲ್ಲ ಮುಗಿದವು.

“ಆ ಬಟನ್ ಒತ್ರಿ, ಏಳ್ತಾನ,” ಎಂದ ಗುರುರಾಜ.

ಒತ್ತಿದ. ಸಿಪಾಯಿ ಎದ್ದ. ಹವಾಲ್ದಾರನ ಕಣ್ಣು ಮಾತ್ರ ಟಿವಿಯ ಮೂಲೆಯಲ್ಲಿದ್ದ ಅರಿಹಂತನ ಜೀವಗಳ ಮೇಲಿತ್ತು — ಅಲ್ಲೊಂದು ಕಡಿಮೆಯಾಯಿತು!

“ಕೆಂಪಂಗಿಯವನ ಜೀವಾ ಎಲ್ಲಿ ಹೋದೂ ಅಂತ ಎಲ್ಲಾರೂ ಹುಡುಕಿದ್ರಿ,” ಎಂದ ರಾಚಪ್ಪ. “ಸತ್ತ ನೀಲಿಯವ ಹೆಂಗ ಎದ್ದ ಅಂತ ಯಾರೂ ಕೇಳಲಿಲ್ಲ. ಜೋಡಿ ಆಟದಾಗ ತನ್ನ ಜೀವಾ ತೀರಿದವ ಗೆಳ್ಯಾನ ಜೀವಾ ತಗೊಂಡು ಏಳ್ತಾನ. ಕಳ್ಳ ಗುರುರಾಜನಽ. ಕದ್ದದ್ದು ಅವಗ ಗೊತ್ತಿಲ್ಲ, ಅಷ್ಟ.”

ಗುರುರಾಜನ ಮುಖ ಕಪ್ಪಿಟ್ಟಿತು. “ಅಂದ್ರ ಇಷ್ಟು ದಿನಾ ನಾ ಇವನ ಜೀವದ ಮ್ಯಾಲ…” ಎನ್ನುತ್ತ ಬಾಗಿಲ ಕಡೆ ನಡೆದ. “ನಾಳಿ ಪಂದ್ಯಕ್ಕ ಬ್ಯಾರೆ ಜೋಡಿ ನೋಡ್ಕೊಳೋ.”

ಅರಿಹಂತ ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದ. ಎರಡನೇ ರಿಮೋಟನ್ನು ಮತ್ತೆ ಅವನ ಕೈಗೆ ತುರುಕಿದ.

“ನನ್ನ ಕೇಳಬ್ಯಾಡ. ಸತ್ರ ಒತ್ತು ಲೇ.”